ಮೇಜಿನ ಮೇಲೆ ಮೂರು ಆಟೀನು

ಇಸ್ಪೀಟಿನ ಹೆಸರೆತ್ತಿದೊಡನೆ ನಮ್ಮವರಲ್ಲಿ ಎರಡು ಬಗೆಯ ಮುಖಭಾವಗಳು ಮೂಡುತ್ತವೆ. ಕೆಲವರ ಹುಬ್ಬು ಗಂಟಿಕ್ಕುತ್ತದೆ. ಉಳಿದವರು ಚಾಪೆ ಎಲ್ಲಿದೆಯೆಂದು ಹುಡುಕತೊಡಗುತ್ತಾರೆ. ಯುಗಾದಿಯ ಮಧ್ಯಾಹ್ನ ಒಬ್ಬಟ್ಟಿನ ಊಟ ಮುಗಿಸಿ ಹಳೇ ಮೈಸೂರಿನ ಹಳ್ಳಿಯ ಜಗಲಿಯಲ್ಲಿ ಎಲೆ ಕಲೆಸಿದವರು, ಹಾಸ್ಟೆಲಿನ ಕೋಣೆಯಲ್ಲಿ ಇಪ್ಪತ್ತೆಂಟು ಆಡಿದವರು, ಮದುವೆಮನೆಯ ಮಹಡಿಯಲ್ಲಿ ರಾತ್ರಿಯೆಲ್ಲ ರಮ್ಮಿಗೆ ಕುಳಿತವರು, ಎಲ್ಲರೂ ನಮ್ಮ ಸಂಘದಲ್ಲಿದ್ದಾರೆ. ಸಿಡ್ನಿ, ಮೆಲ್ಬರ್ನುಗಳಿಗೆ ಬಂದು ನೆಲೆಸಿದ ಮೇಲೆ ಈ ಪಟ್ಟಿಗೆ ಪೋಕರ್ ಎಂಬುದೊಂದು ಸೇರಿಕೊಂಡಿದೆ. ಕಚೇರಿಯ ಗೆಳೆಯರಿಂದ ಕಲಿತದ್ದು ಶುಕ್ರವಾರ ರಾತ್ರಿ ನಮ್ಮ ಮನೆಗಳ ಊಟದ ಮೇಜಿಗೂ ಬಂದಿದೆ.

ಆಟ ಒಳ್ಳೆಯದೋ ಕೆಟ್ಟದ್ದೋ ಎಂಬ ಧರ್ಮಜಿಜ್ಞಾಸೆ ಈ ಲೇಖನದ ವಿಷಯವಲ್ಲ. ಆಡುವವರು ಹೇಗೂ ಆಡುತ್ತಾರೆ. ಆಡುವಾಗ ಬರುವ ಒಂದೇ ಒಂದು ಸನ್ನಿವೇಶವನ್ನು ಎತ್ತಿಕೊಂಡು, ಅಲ್ಲಿ ಪಣವೊಡ್ಡುವುದು ಹೇಗೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ನಮ್ಮ ಉದ್ದೇಶ. ವೃತ್ತಿಯಲ್ಲಿ ರಸಾಯನಶಾಸ್ತ್ರದವರಾದ ನಮಗೆ ಅಳೆಯದೆ ಮಾತಾಡುವ ಅಭ್ಯಾಸ ಕಡಿಮೆ. ಈ ಸನ್ನಿವೇಶದಲ್ಲಿ ಜನ ಕಳೆದುಕೊಳ್ಳುವ ಹಣದ ಬಹುಪಾಲು ಅಳೆಯದೆ ಹೆದರಿದ್ದರಿಂದಲೇ ಹೋಗುತ್ತದೆಂದು ನಮ್ಮ ಅಭಿಪ್ರಾಯ.

ಆಟದ ಪರಿಚಯ

ಪೋಕರಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಬಗೆಗೆ ಟೆಕ್ಸಾಸ್ ಹೋಲ್ಡೆಮ್ ಎಂದು ಹೆಸರು. ಪ್ರತಿಯೊಬ್ಬರಿಗೂ ಎರಡೆರಡು ಮುಚ್ಚಿದ ಎಲೆ. ಇವನ್ನು ಕೈಯೆಲೆ ಎನ್ನೋಣ. ಆಮೇಲೆ ಮೇಜಿನ ನಡುವೆ ಮೂರು ಎಲೆಗಳನ್ನು ಒಟ್ಟಿಗೆ ಬಿಚ್ಚಿಡುತ್ತಾರೆ, ನಂತರ ಇನ್ನೊಂದು, ಕಡೆಗೆ ಮತ್ತೊಂದು. ಮೇಜಿನ ಐದು ಎಲೆಗಳು ಎಲ್ಲರಿಗೂ ಸೇರಿದವು. ಕೈಯೆಲೆ ಎರಡು, ಮೇಜಿನೆಲೆ ಐದು, ಒಟ್ಟು ಏಳರಲ್ಲಿ ಅತ್ಯುತ್ತಮವಾದ ಐದನ್ನು ಆರಿಸಿಕೊಂಡು ಹೋಲಿಸುವುದು. ಪ್ರತಿ ಹಂತದಲ್ಲಿಯೂ ಪಣ ಕಟ್ಟಬಹುದು, ಸುಮ್ಮನೆ ಮುಂದಿನವರಿಗೆ ಬಿಡಬಹುದು, ಬೇರೆಯವರು ಕಟ್ಟಿದ್ದಕ್ಕೆ ಸರಿಕಟ್ಟಬಹುದು, ಇಲ್ಲವೇ ಎಲೆ ಕೆಳಗಿಟ್ಟು ಬಿಡಬಹುದು. ನಡುವೆ ಸೇರಿದ ಹಣಕ್ಕೆ ಪಾಟು ಎನ್ನುತ್ತಾರೆ. ಒಂದೇ ಜಾತಿಯ ಐದು ಎಲೆ ಸೇರಿದರೆ ಅದು ಫ್ಲಶ್, ದೊಡ್ಡ ಕೈ.

ನಾವು ಹಿಡಿದ ಸನ್ನಿವೇಶವಿದು: ಮೊದಲು ಬಿಚ್ಚಿದ ಮೂರೂ ಎಲೆಗಳು ಒಂದೇ ಜಾತಿಯವು. ಉದಾಹರಣೆಗೆ ಆಟೀನಿನ ರಾಜ, ಆಟೀನಿನ ಒಂಬತ್ತು, ಆಟೀನಿನ ನಾಲ್ಕು. ಮೇಜೆಲ್ಲ ಕೆಂಪು. ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಕೈಯಲ್ಲಿ ಎರಡು ಆಟೀನು ಹಿಡಿದ ಪುಣ್ಯವಂತ ಯಾರು?

ನಮ್ಮೂರಿನ ಮೂರೆಲೆ ಆಡಿದವರಿಗೆ ಇದು ಪರಿಚಿತ ದೃಶ್ಯ. ಅಲ್ಲಿ ಒಂದೇ ಜಾತಿಯ ಮೂರು ಬಂದರೆ ಕಲರ್, ಕೈಯಲ್ಲಿ ಬಲವಿದೆಯೆಂದರ್ಥ. ಇಲ್ಲಿಯೂ ಅದೇ ಗಣಿತ: 52 ಎಲೆಗಳಲ್ಲಿ ಮೂರನ್ನು 22,100 ರೀತಿಯಲ್ಲಿ ಆರಿಸಬಹುದು, ಅವುಗಳಲ್ಲಿ 1,144 ರೀತಿಗಳಲ್ಲಿ ಮೂರೂ ಒಂದೇ ಜಾತಿ. ನೂರಕ್ಕೆ 5ರಷ್ಟು, ಸುಮಾರು ಹತ್ತೊಂಬತ್ತು ಸಲಕ್ಕೊಮ್ಮೆ. ಒಂದು ಸಂಜೆಯ ಆಟದಲ್ಲಿ ಮೂರು ನಾಲ್ಕು ಸಲ ಬರುತ್ತದೆ. ವ್ಯತ್ಯಾಸವೊಂದೇ: ಮೂರೆಲೆಯಲ್ಲಿ ಕಲರ್ ನಮ್ಮ ಸ್ವಂತದ್ದು, ಇಲ್ಲಿ ಅದು ಊರ ಕೆರೆಯ ನೀರು. ಎಲ್ಲರಿಗೂ ಸಮಾನವಾಗಿ ಕಾಣುವುದರಿಂದ ಯಾರಿಗೂ ಲಾಭವಿಲ್ಲ. ಲಾಭ ನಷ್ಟ ಕಾಣದ ಎಲೆಗಳಲ್ಲಿದೆ.

ಋತುಪರ್ಣನ ವಿದ್ಯೆ

ಕಾಣದ್ದನ್ನು ಎಣಿಸುವ ಕಥೆ ನಮ್ಮಲ್ಲಿ ಬಹು ಹಳೆಯದು. ಮಹಾಭಾರತದ ವನಪರ್ವದಲ್ಲಿ ಬರುವ, ಕನಕದಾಸರು ಕನ್ನಡದಲ್ಲಿ ನಳಚರಿತ್ರೆಯಾಗಿ ಬರೆದ ನಳನ ಕಥೆ ಓದುಗರಿಗೆ ಗೊತ್ತಿರುವುದೇ. ಜೂಜಿನಲ್ಲಿ ರಾಜ್ಯ ಸೋತ ನಳ, ಅಯೋಧ್ಯೆಯ ಋತುಪರ್ಣನ ಸಾರಥಿಯಾಗುತ್ತಾನೆ. ಮೂಲ ಕಥೆಯಲ್ಲಿ, ರಥ ಓಡುತ್ತಿರುವಾಗ ದಾರಿಯ ತಾರೆ ಮರವೊಂದನ್ನು ನೋಡಿ ಋತುಪರ್ಣ ಅದರ ಎಲೆ ಕಾಯಿಗಳ ಸಂಖ್ಯೆಯನ್ನು ಹೇಳಿಬಿಡುತ್ತಾನೆ. ನಳ ರಥ ನಿಲ್ಲಿಸಿ, ಇಳಿದು, ಎಣಿಸಿ ನೋಡುತ್ತಾನೆ, ಸರಿಯಾಗಿರುತ್ತದೆ. ಇದೇ ದಾಳದ ಮರ್ಮವೆಂದು ಹೇಳಿ, ಅಶ್ವವಿದ್ಯೆಗೆ ಬದಲಾಗಿ ರಾಜ ಅದನ್ನು ನಳನಿಗೆ ಕಲಿಸುತ್ತಾನೆ. ಆ ಕಾಲದ ದಾಳಗಳು ತಾರೆಕಾಯಿಗಳೇ ಆಗಿದ್ದವೆಂಬುದನ್ನು ನೆನೆದರೆ ಕಥೆಯ ಸ್ವಾರಸ್ಯ ಹೆಚ್ಚುತ್ತದೆ.

ನಳ ಎಣಿಸಿ ನೋಡಿದನೆಂಬುದು ನಮಗೆ ಮುಖ್ಯ. ನಾವೂ ಎಣಿಸೋಣ.

ನಮ್ಮ ಕೈಯಲ್ಲಿ ಆಟೀನು ಒಂದೂ ಇಲ್ಲವೆಂದಿಟ್ಟುಕೊಳ್ಳಿ. ಮೇಜಿನ ಮೂರು, ಕೈಯ ಎರಡು ಬಿಟ್ಟರೆ ಕಾಣದವು 47. ಅವುಗಳಲ್ಲಿ ಆಟೀನು 10. ಎದುರಾಳಿಯ ಎರಡು ಎಲೆಗಳಿಗೆ ಒಟ್ಟು 1,081 ಸಾಧ್ಯತೆಗಳು. ಎರಡೂ ಆಟೀನಾಗಿರುವುದು 45ರಲ್ಲಿ, ಒಂದೇ ಆಟೀನಿರುವುದು 370ರಲ್ಲಿ, ಒಂದೂ ಇಲ್ಲದಿರುವುದು 666ರಲ್ಲಿ. ಶೇಕಡಾ ಲೆಕ್ಕದಲ್ಲಿ ಫ್ಲಶ್ ಆಗಿರುವುದು 4.2, ಒಂದು ಆಟೀನು ಹಿಡಿದು ಕಾಯುತ್ತಿರುವುದು 34.2, ಏನೂ ಇಲ್ಲದಿರುವುದು 61.6.

ಅಂದರೆ ಮೇಜಿನ ಸುತ್ತ ಇಪ್ಪತ್ಮೂರು ಮಂದಿ ಎದುರಾಳಿಗಳನ್ನು ಕೂಡಿಸಿ ಕಟ್ಟನ್ನೆಲ್ಲ ಹಂಚಿದರೂ ಸರಾಸರಿ ಒಬ್ಬನ ಕೈಯಲ್ಲಿ ಮಾತ್ರ ಫ್ಲಶ್ ಇರುತ್ತದೆ. ಇರುವುದು ನಾಲ್ವರೇ ಎದುರಾಳಿಗಳಾದರೆ, ಅವರಲ್ಲಿ ಯಾರಿಗಾದರೂ ಫ್ಲಶ್ ಇರುವ ಸಂಭವ ನೂರಕ್ಕೆ 16. ಬಲ್ಲ ಆಟಗಾರರು ಎಲೆ ಆರಿಸಿಕೊಂಡು ಆಡುವುದರಿಂದ ಈ ಅಂಕಿ ತುಸು ಏರುಪೇರಾಗುತ್ತದೆ, ನಿಜ. ಆದರೂ ಮೇಜಿನ ಕೆಂಪು ನೋಡಿ ಮನಸ್ಸು ಹೇಳುವ ಅಂಕಿಗೂ ಇದಕ್ಕೂ ಅಜಗಜಾಂತರ.

ಎಷ್ಟು ಕಟ್ಟಬೇಕು?

ಸಿಡ್ನಿಯವರೊಬ್ಬರು ಈಸ್ಟರ್ ರಜೆಗೆ ಹ್ಯೂಮ್ ಹೆದ್ದಾರಿಯಲ್ಲಿ ದಿನವಿಡೀ ಕಾರೋಡಿಸಿಕೊಂಡು ಮೆಲ್ಬರ್ನಿನ ಗೆಳೆಯರ ಮನೆಗೆ ಬಂದಿದ್ದಾರೆಂದು ಕಲ್ಪಿಸಿಕೊಳ್ಳಿ. ಊಟವಾಗಿದೆ, ಎಲೆ ಹಂಚಿದೆ. ಅತಿಥಿಗಳ ಕೈಯಲ್ಲಿ ಇಸ್ಪೀಟಿನ ಎಕ್ಕ, ಕಳಾವರಿನ ಎಕ್ಕ: ಜೋಡಿ ಎಕ್ಕಗಳು, ಆದರೆ ಆಟೀನಿಲ್ಲ. ಮೇಜಿನ ಮೇಲೆ ನಮ್ಮ ಅದೇ ರಾಜ, ಒಂಬತ್ತು, ನಾಲ್ಕು. ಪಾಟಿನಲ್ಲಿ 30 ಡಾಲರು. ಎದುರಿಗೆ ಮನೆಯ ಯಜಮಾನರೊಬ್ಬರೇ ಉಳಿದಿದ್ದಾರೆ. ಅತಿಥಿಗಳು ಎಷ್ಟು ಕಟ್ಟಬೇಕು?

ಸಾಮಾನ್ಯವಾಗಿ ಮನಸ್ಸಿಗೆ ಬರುವ ಉತ್ತರ ಒಂದೇ: “ಇನ್ನೊಂದು ಆಟೀನು ಬೀಳುವ ಮೊದಲೇ ದೊಡ್ಡದಾಗಿ ಕಟ್ಟಿ ಓಡಿಸಿಬಿಡಬೇಕು.” 30 ಡಾಲರು ಕಟ್ಟಿದರೆಂದುಕೊಳ್ಳೋಣ. ಓಡುವವರು ಯಾರು? ಆಟೀನಿಲ್ಲದ, ಎಂಟರ ಜೋಡಿಯನ್ನೋ ಹತ್ತರ ಜೋಡಿಯನ್ನೋ ಹಿಡಿದವರು. ಇವರು ಎಕ್ಕಗಳ ಮುಂದೆ ಆಗಲೇ ಸೋತವರು. ಇವರಿಂದ ಬರಬೇಕಾಗಿದ್ದ ಹಣವನ್ನು ನಾವೇ ಬಾಗಿಲು ತೆಗೆದು ಕಳಿಸಿದಂತಾಯಿತು. ಉಳಿಯುವವರು ಯಾರು? ಫ್ಲಶ್ ಆದವರು, ಒಂಬತ್ತು ಮೂರು ಹಿಡಿದವರು, ಆಟೀನಿನ ಎಕ್ಕವನ್ನೋ ರಾಣಿಯನ್ನೋ ಹಿಡಿದು ಕಾಯುವವರು. ದೊಡ್ಡ ಪಣ ಜಳ್ಳನ್ನು ತೂರಿ ಗಟ್ಟಿಕಾಳನ್ನು ನಮ್ಮೆದುರಿಗೇ ಉಳಿಸುತ್ತದೆ.

ಈಗ 10 ಡಾಲರು, ಅಂದರೆ ಪಾಟಿನ ಮೂರನೇ ಒಂದು ಪಾಲು ಕಟ್ಟಿದರೆಂದುಕೊಳ್ಳಿ. ಯಜಮಾನರು 10 ಹಾಕಿದರೆ ಪಾಟು 50 ಆಗುತ್ತದೆ. ಅವರ ಪಾಲು ಐದರಲ್ಲೊಂದು. ಗೆಲ್ಲುವ ಸಂಭವ ನೂರಕ್ಕೆ 20 ಇದ್ದರೆ ಅವರಿಗೆ ಲೆಕ್ಕ ಸಮ. ಒಂದು ಆಟೀನು ಹಿಡಿದು ಕಾಯುವವರಿಗೆ ಮುಂದಿನ ಎಲೆ ಆಟೀನಾಗುವ ಸಂಭವವೆಷ್ಟು? 47ರಲ್ಲಿ 9, ಅಂದರೆ ನೂರಕ್ಕೆ 19. ಮುಂದಿನ ಒಂದು ಎಲೆಯನ್ನು ನೋಡುವುದಕ್ಕೆ ಅವರಿಂದ ನ್ಯಾಯವಾಗಿ ವಸೂಲಾಗಬೇಕಾದ ಬೆಲೆ ಈ ಹತ್ತು ಡಾಲರಿನಲ್ಲೇ ಹೆಚ್ಚುಕಡಿಮೆ ವಸೂಲಾಯಿತು! ಎಂಟರ ಜೋಡಿಯವರೂ ಹತ್ತೇ ಡಾಲರಲ್ಲವೇ ಎಂದು ಉಳಿದುಕೊಳ್ಳುತ್ತಾರೆ. ಎದುರಿಗೆ ನಿಜವಾಗಿ ಫ್ಲಶ್ ಇದ್ದರೆ ಹೋದದ್ದು 10, 30 ಅಲ್ಲ.

ಪ್ರಯೋಗಶಾಲೆಯಲ್ಲಿ ಟೈಟ್ರೇಷನ್ ಮಾಡಿದವರಿಗೆ ಇದು ಬೇಗ ಹೊಳೆಯುತ್ತದೆ. ಬ್ಯೂರೆಟ್ಟಿನ ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ದ್ರಾವಣ ಒಮ್ಮೆಗೇ ಕೆಂಪಾಗುತ್ತದೆ, ಅಂತ್ಯಬಿಂದು ಎಲ್ಲಿತ್ತೆಂಬುದು ತಿಳಿಯುವುದೇ ಇಲ್ಲ. ಹನಿಹನಿಯಾಗಿ ಬಿಟ್ಟರೆ ಪಾತ್ರೆಯಲ್ಲಿ ಏನಿದೆಯೆಂದು ಗೊತ್ತಾಗುತ್ತದೆ. ಸಣ್ಣ ಪಣ ಅಂಥ ಹನಿ.

ಇದು ನಮ್ಮ ತರ್ಕ ಮಾತ್ರವಲ್ಲ. ಗಣಿತಜ್ಞ ಜಾನ್ ಫಾನ್ ನಾಯ್ಮನ್ 1928ರಲ್ಲಿ ಆಟಗಳ ಸಿದ್ಧಾಂತಕ್ಕೆ ತಳಹದಿ ಹಾಕಿದರು. 1944ರಲ್ಲಿ ಮಾರ್ಗೆನ್‌ಸ್ಟರ್ನ್ ಜೊತೆ ಬರೆದ ಗ್ರಂಥದಲ್ಲಿ ಪೋಕರಿಗೇ ಒಂದು ವಿಭಾಗವನ್ನು ಮೀಸಲಿಟ್ಟರು. (ಈ ಮಹಾಶಯರು ಜೂರಿಕ್‌ನಲ್ಲಿ ರಾಸಾಯನಿಕ ಇಂಜಿನಿಯರಿಂಗ್ ಪದವಿ ಪಡೆದವರೆಂಬುದು ನಮ್ಮಂಥವರ ಹೆಮ್ಮೆ.) ಅವರ ಸರಳೀಕರಿಸಿದ ಪೋಕರಿನಲ್ಲಿ ದೊಡ್ಡ ಪಣಕ್ಕೆ ಯೋಗ್ಯವಾದವು ಎರಡೇ ಬಗೆಯ ಕೈಗಳು: ಅತಿ ಬಲವಾದವು, ಮತ್ತು ಏನೂ ಇಲ್ಲದ ಕೆಲವು. ನಡುವಿನ ಕೈಗಳು ತಗ್ಗಿ ನಡೆಯಬೇಕು. ಮೂರು ಆಟೀನು ಬಿದ್ದ ಮೇಜಿನಲ್ಲಿ ಕರಿಯ ಎಕ್ಕಗಳ ಜೋಡಿ ನಡುವಿನ ಕೈಯಾಗಿ ಇಳಿದುಬಿಟ್ಟಿರುತ್ತದೆ. ಎಕ್ಕದ ಗೌರವಕ್ಕೆ ಮರುಳಾಗಿ ಅದನ್ನು ಅರಿಯದಿರುವುದೇ ತೊಂದರೆಯ ಮೂಲ.

ಇತ್ತೀಚಿನ ವರ್ಷಗಳಲ್ಲಿ ಈ ಲೆಕ್ಕವನ್ನು ಗಣಕಗಳು ಕೈಗೆತ್ತಿಕೊಂಡಿವೆ. ಇಬ್ಬರೇ ಆಡುವ, ಪಣದ ಮೊತ್ತ ನಿಗದಿಯಾದ ಹೋಲ್ಡೆಮ್ ಆಟವನ್ನು ಕೆನಡದ ಆಲ್ಬರ್ಟ ವಿಶ್ವವಿದ್ಯಾಲಯದವರು ಬಹುಮಟ್ಟಿಗೆ ಬಿಡಿಸಿದ್ದೇವೆಂದು 2015ರಲ್ಲಿ ಪ್ರಕಟಿಸಿದರು. ಪಣಕ್ಕೆ ಮಿತಿಯಿಲ್ಲದ ಆಟದಲ್ಲಿ ಲಿಬ್ರಾಟಸ್ ಎಂಬ ಗಣಕ 2017ರ ಜನವರಿಯಲ್ಲಿ ಪಿಟ್ಸ್‌ಬರ್ಗಿನಲ್ಲಿ ನಾಲ್ವರು ವೃತ್ತಿಪರರನ್ನು 1,20,000 ಕೈಗಳ ಪಂದ್ಯದಲ್ಲಿ ಸೋಲಿಸಿತು. ಇಂದು ಆಟಗಾರರು ಮನೆಯಲ್ಲೇ ಬಳಸುವ ಕ್ರಮವಿಧಿಗಳು ಒಂದೇ ಜಾತಿಯ ಮೂರೆಲೆಗಳ ಮೇಲೆ ಹೇಳುವುದೂ ಇದನ್ನೇ: ಹೆಚ್ಚು ಸಲ ಸುಮ್ಮನಿರು, ಕಟ್ಟಿದರೆ ಪಾಟಿನ ಕಾಲು ಭಾಗ, ಮೂರನೇ ಒಂದು ಭಾಗ.

ಮೂರಕ್ಕಿಂತ ನಾಲ್ಕು ಘಾತುಕ

ಇದುವರೆಗೆ ಹೇಳಿದ್ದನ್ನು ಓದಿ “ಹಾಗಾದರೆ ಹೆದರುವುದೇ ಬೇಡ” ಎಂದುಕೊಂಡವರು ಸ್ವಲ್ಪ ತಡೆಯಬೇಕು. ಹೆದರಬೇಕಾದ ಎಲೆ ಇನ್ನೊಂದಿದೆ. ಅದು ನಾಲ್ಕನೆಯ ಆಟೀನು.

ನಮ್ಮ ಕೈಯಲ್ಲಿ ಆಟೀನಿಲ್ಲ, ಮೇಜಿನ ಮೇಲೆ ನಾಲ್ಕು ಬಿದ್ದಿವೆ. ಈಗ ಎದುರಾಳಿಗೆ ಒಂದೇ ಆಟೀನಿದ್ದರೂ ಫ್ಲಶ್. ಕಾಣದ 46ರಲ್ಲಿ 9 ಆಟೀನು. ಅವರಲ್ಲಿ ಒಂದಾದರೂ ಇರುವ ಸಂಭವ ನೂರಕ್ಕೆ 36. ಎದುರಾಳಿಗಳು ಇಬ್ಬರಾದರೆ ನೂರಕ್ಕೆ 60! ಮೂರು ಆಟೀನಿದ್ದಾಗ 4 ಇದ್ದದ್ದು ಒಂದೇ ಎಲೆಯಿಂದ ಎಂಟೊಂಬತ್ತು ಪಟ್ಟು ಏರಿತು. ವಿಚಿತ್ರವೆಂದರೆ, ಮೂರನ್ನು ಕಂಡು ಬೆಚ್ಚಿದ ಜನ ಅಷ್ಟು ಹೊತ್ತಿಗೆ 30 ಡಾಲರು ಹಾಕಿರುತ್ತಾರೆ. ನಾಲ್ಕನೆಯದು ಬಿದ್ದಾಗ “ಇಷ್ಟು ಹಾಕಿದ ಮೇಲೆ ಬಿಡುವುದು ಹೇಗೆ” ಎಂದು ಅಂಟಿಕೊಳ್ಳುತ್ತಾರೆ. ಹೆದರಿಕೆ ಬೇಡದ ಕಡೆ ಬಂತು, ಬೇಕಾದ ಕಡೆ ಬರಲಿಲ್ಲ. ಸಣ್ಣದಾಗಿ ಕಟ್ಟಿದವರಿಗೆ ಎಕ್ಕಗಳನ್ನು ಕೆಳಗಿಡುವುದು ಸುಲಭ. ಅವರದು ಹೋಗಿರುವುದು ಹತ್ತು ಡಾಲರು.

ಸಣ್ಣ ಫ್ಲಶ್ ಹಿಡಿದವರಿಗೂ ಈ ನಾಲ್ಕನೆಯ ಎಲೆಯೇ ಯಮ. ಆಟೀನಿನ ಏಳು, ಆರು ನಿಮ್ಮ ಕೈಯಲ್ಲಿವೆಯೆನ್ನಿ. ಈ ಗಳಿಗೆಯಲ್ಲಿ ನಿಮ್ಮನ್ನು ಮೀರಿಸುವ ದೊಡ್ಡ ಫ್ಲಶ್ 1,081ರಲ್ಲಿ 25 ಮಾತ್ರ. ಆದರೆ ಉಳಿದ ಎರಡು ಎಲೆಗಳಲ್ಲಿ ಇನ್ನೊಂದು ಆಟೀನು ಬೀಳುವ ಸಂಭವ ನೂರಕ್ಕೆ 31. ಬಿದ್ದರೆ ಒಂಟಿ ರಾಣಿ, ಒಂಟಿ ಗುಲಾಮ, ಒಂಟಿ ಹತ್ತು, ಎಲ್ಲವೂ ನಿಮ್ಮನ್ನು ದಾಟುತ್ತವೆ. ಆದ್ದರಿಂದ “ಬಲೆಗೆ ಬೀಳಲಿ” ಎಂದು ಸುಮ್ಮನೆ ಕೂರುವುದು ಇಲ್ಲಿ ಜಾಣತನವಲ್ಲ. ಈಗಲೇ ಕಟ್ಟಬೇಕು. ಒಂಬತ್ತು ಮೂರು ಹಿಡಿದವರೂ ಎದೆಗುಂದಬೇಕಿಲ್ಲ: ಎದುರಿಗೆ ಫ್ಲಶ್ ಇದ್ದರೂ, ಮೇಜಿನ ಎಲೆಯೊಂದು ಜೋಡಿಯಾಗಿ ಅವರ ಕೈ ಫ್ಲಶ್‌ಗಿಂತ ದೊಡ್ಡದಾಗುವುದು ಮೂರರಲ್ಲೊಂದು ಸಲ.

ಒಂಟಿ ಎಕ್ಕದ ಮಹಿಮೆ

ಕಡೆಯ ಮಾತು ಆಟೀನಿನ ಎಕ್ಕದ ಬಗ್ಗೆ. ಅದೊಂದೇ ನಿಮ್ಮ ಕೈಯಲ್ಲಿದೆ, ಇನ್ನೊಂದು ಎಲೆ ಹುಲ್ಲುಕಡ್ಡಿ. ಫ್ಲಶ್ ಇನ್ನೂ ಆಗಿಲ್ಲ. ಆದರೂ ಈ ಕೈಗೆ ಮೂರು ಗುಣಗಳಿವೆ. ಒಂದು, ಉಳಿದೆರಡು ಎಲೆಗಳಲ್ಲಿ ಫ್ಲಶ್ ಆಗುವ ಸಂಭವ ನೂರಕ್ಕೆ 35. ಎರಡು, ಆದರೆ ಅದನ್ನು ಮೀರಿಸುವ ಫ್ಲಶ್ ಇಲ್ಲ. ಮೂರು, ಎಕ್ಕ ನಿಮ್ಮಲ್ಲಿದೆಯೆಂದಮೇಲೆ ಎದುರಾಳಿಯಲ್ಲಿಲ್ಲ. ಅವರ ಫ್ಲಶ್ ಸಾಧ್ಯತೆಗಳು 45ರಿಂದ 36ಕ್ಕೆ ಇಳಿದವು, ಇಳಿದವುಗಳೆಲ್ಲ ಅತಿ ದೊಡ್ಡವು. ಉಳಿದ ಪ್ರತಿಯೊಬ್ಬ ಫ್ಲಶ್‌ಗಾರನೂ “ಎಕ್ಕ ಅವರಲ್ಲಿದ್ದೀತೇ?” ಎಂಬ ಅನುಮಾನದಲ್ಲಿರುತ್ತಾನೆ. ಸುಳ್ಳು ಪಣ ಕಟ್ಟಲು ಈ ಮೇಜಿನಲ್ಲಿ ತಕ್ಕ ಕೈಯೊಂದಿದ್ದರೆ ಅದಿದೇ. ಪಾಟಿನ ಅರ್ಧ ಕಟ್ಟಿದ ಸುಳ್ಳು ಪಣ ಮೂರರಲ್ಲೊಂದು ಸಲ ಫಲಿಸಿದರೆ ಲೆಕ್ಕ ಸಮ. ಫಲಿಸದಾಗಲೂ ಫ್ಲಶ್ ಆಗುವ ಅವಕಾಶ ಉಳಿದಿರುತ್ತದೆ. ಎಕ್ಕವಿಲ್ಲದೆ ಇದನ್ನೇ ಮಾಡುವುದು ಅಕ್ಕಿ ನೋಡದೆ ನೆಂಟರನ್ನು ಕರೆದಂತೆ.

ಬರೆದಿಡುವುದರ ಬೆಲೆ

ಡೆನ್ಮಾರ್ಕಿನ ಗಸ್ ಹಾನ್ಸೆನ್ 2007ರಲ್ಲಿ ಮೆಲ್ಬರ್ನಿನ ಕ್ರೌನ್ ಕ್ಯಾಸಿನೊದಲ್ಲಿ ನಡೆದ ಆಸಿ ಮಿಲಿಯನ್ಸ್ ಪಂದ್ಯಾವಳಿಯಲ್ಲಿ 747 ಮಂದಿಯ ನಡುವೆ ಗೆದ್ದು 15 ಲಕ್ಷ ಆಸ್ಟ್ರೇಲಿಯನ್ ಡಾಲರು ಪಡೆದರು. ನಮಗೆ ಆ ಹಣಕ್ಕಿಂತ ಮುಖ್ಯವಾಗಿ ಕಂಡದ್ದು ಅವರ ಕೈಯಲ್ಲಿದ್ದ ಪುಟ್ಟ ಧ್ವನಿಮುದ್ರಣ ಯಂತ್ರ. ಆಡುತ್ತಲೇ ತಮ್ಮ ಎಲೆ, ಪಣ, ಕಾರಣಗಳನ್ನು ಅದಕ್ಕೆ ಹೇಳಿಕೊಂಡು, ಮರುವರ್ಷ ಅವನ್ನೆಲ್ಲ ಪುಸ್ತಕವಾಗಿ ಹೊರತಂದರು. ಪ್ರಯೋಗಶಾಲೆಯ ದಿನಚರಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಗೆದ್ದದ್ದನ್ನೂ ಸೋತದ್ದನ್ನೂ ಬರೆದಿಡದವನಿಗೆ ಗೆದ್ದದ್ದು ಮಾತ್ರ ನೆನಪಿರುತ್ತದೆ. ಮೆಲ್ಬರ್ನಿನವರೇ ಆದ ಜೋ ಹಾಶೆಮ್ 2005ರಲ್ಲಿ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯದಲ್ಲಿ 75 ಲಕ್ಷ ಅಮೆರಿಕನ್ ಡಾಲರು ಗೆದ್ದದ್ದು ಈ ದೇಶದಲ್ಲಿ ಎಲ್ಲರಿಗೂ ನೆನಪಿದೆ. ಅದೇ ಪಂದ್ಯದಲ್ಲಿ ಸೋತ 5,618 ಮಂದಿಯ ಹೆಸರು ಯಾರಿಗೆ ನೆನಪಿದೆ?

ಇದನ್ನು ಹೇಳುವುದಕ್ಕೆ ಕಾರಣವುಂಟು. ಮನೆಯ ಮೇಜಿನಲ್ಲಿ ಒಬ್ಬರು ಕಳೆದದ್ದನ್ನು ಇನ್ನೊಬ್ಬರು ಪಡೆಯುತ್ತಾರೆ. ಕ್ಯಾಸಿನೊ ಮೇಜಿನಲ್ಲಿ ಪ್ರತಿ ಪಾಟಿನಿಂದ ಮನೆಯವರ ಪಾಲು ಕತ್ತರಿಸಿಹೋಗುತ್ತದೆ. ಗಂಟೆಗೆ 30 ಕೈ ನಡೆದು, ಸರಾಸರಿ 5 ಡಾಲರು ಹೋಗುತ್ತದೆಂದು ಹಿಡಿದರೂ ಗಂಟೆಗೆ 150 ಡಾಲರು ಮೇಜಿನಿಂದಲೇ ಮಾಯ. ಎಷ್ಟು ಲೆಕ್ಕ ಬಲ್ಲವರಾದರೂ ಈ ಸೋರಿಕೆಯನ್ನು ತುಂಬಿದ ಮೇಲಷ್ಟೇ ಲಾಭ. ಒಂಟಿಯಾಗಿ ಬಂದು ಬಾಡಿಗೆ ಕೋಣೆಯಲ್ಲಿರುವ ನಮ್ಮ ಕಿರಿಯರು, ಗೆಳೆಯರ ಮನೆಯಲ್ಲಿ ನಾಲ್ಕು ಸಲ ಗೆದ್ದ ಧೈರ್ಯದಿಂದ ಅತ್ತ ಹೊರಡುವ ಮುನ್ನ ಈ ಗುಣಾಕಾರವನ್ನೊಮ್ಮೆ ಮಾಡಬೇಕು. ಇನ್ನು ನ್ಯೂ ಸೌತ್ ವೇಲ್ಸಿನ ಕ್ಲಬ್ಬುಗಳಲ್ಲಿ 1956ರಿಂದ ಕಾನೂನುಬದ್ಧವಾಗಿರುವ ಪೋಕಿ ಯಂತ್ರಗಳಿಗೆ ಪೋಕರಿನ ಹೆಸರಿದೆ, ಗುಣವಿಲ್ಲ. ಅಲ್ಲಿ ಎದುರಾಳಿಯಿಲ್ಲ, ಎಣಿಸಲು ಕಾಣದ ಎಲೆಗಳಿಲ್ಲ. ಅಲ್ಲಿ ಬಳಸಬಹುದಾದ ಲೆಕ್ಕ ಎದ್ದುಹೋಗುವುದೊಂದೇ.

ನಂಬಿಕೆ ಬಾರದ ಓದುಗರು ನಳನಂತೆ ರಥ ನಿಲ್ಲಿಸಿ ತಾವೇ ಎಣಿಸಬಹುದು. ಒಂದು ಕಟ್ಟು ಇಸ್ಪೀಟೆಲೆ ತೆಗೆದುಕೊಳ್ಳಿ. ಆಟೀನಿನ ಮೂರು ಎಲೆಗಳನ್ನು ಮೇಜಿನ ಮೇಲಿಡಿ. ಕರಿಯ ಎಕ್ಕಗಳೆರಡನ್ನು ಪಕ್ಕಕ್ಕಿಡಿ. ಉಳಿದ 47ನ್ನು ಚೆನ್ನಾಗಿ ಕಲೆಸಿ ಎರಡು ಎಲೆ ಬಿಚ್ಚಿ ನೋಡಿ, ಬರೆದುಕೊಳ್ಳಿ, ಮತ್ತೆ ಸೇರಿಸಿ ಕಲೆಸಿ. ಹೀಗೆ ಐವತ್ತು ಸಲ. ನಮ್ಮ ಲೆಕ್ಕದಂತೆ ಎರಡು ಸಲ ಜೋಡಿ ಆಟೀನು, ಹದಿನೇಳು ಸಲ ಒಂಟಿ ಆಟೀನು, ಮೂವತ್ತೊಂದು ಸಲ ಬರಿಗೈ ಬರಬೇಕು; ಒಂದೆರಡು ಅತ್ತಿತ್ತ ಆಗುವುದು ಸಹಜ. ಮಕ್ಕಳನ್ನೂ ಕೂಡಿಸಿಕೊಳ್ಳಿ, ಪಣವಿಲ್ಲದ ಈ ಆಟಕ್ಕೆ ಯಾರ ಹುಬ್ಬೂ ಗಂಟಿಕ್ಕಲಾರದು. ಫಲಿತಾಂಶಗಳನ್ನು ಸಂಪಾದಕರಿಗೆ ಕಳಿಸಿಕೊಟ್ಟರೆ ಎಲ್ಲವನ್ನೂ ಕೂಡಿಸಿ ಮುಂದಿನ ಸಂಚಿಕೆಯಲ್ಲಿ ಪಟ್ಟಿ ಮಾಡಿಕೊಡುತ್ತೇವೆ.